ಆರನೇ ಕ್ಲಾಸೋ, ಆರನೇ ವರ್ಷವೋ?

2020ರ ಲಾಕ್‌ಡೌನ್ ನೆನಪಿದೆಯಲ್ಲ? ಟಿವಿ ಹಾಕಿದರೆ ಸಾಕು, ಮಕ್ಕಳಿಗೆ ಕೋಡಿಂಗ್ ಕಲಿಸಿ ಅನ್ನೋ ಜಾಹೀರಾತು. ಆರು ವರ್ಷದ ಮಗು ಆ್ಯಪ್ ಮಾಡುತ್ತಂತೆ! ಹೆದರಿದ ಅಪ್ಪ-ಅಮ್ಮಂದಿರು ಸಾವಿರಾರು ರೂಪಾಯಿ ಫೀಸು ಕಟ್ಟಿದರು.

ಅದೇ ವರ್ಷ ಬಂದ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದೇ ಬೇರೆ. ಕೋಡಿಂಗ್ ಚಟುವಟಿಕೆ ಶುರುವಾಗಬೇಕಾದ್ದು ಮಿಡಲ್ ಹಂತದಲ್ಲಿ, ಅಂದರೆ ಆರನೇ ಕ್ಲಾಸಿನಿಂದ.

ಹಾಗಾದ್ರೆ ಚಿಕ್ಕವರಿಗೆ ಏನೂ ಬೇಡವಾ? ಬೇಕು, ಕಂಪ್ಯೂಟರ್ ಬೇಡ ಅಷ್ಟೆ. ಕೋಡಿಂಗ್ ಅಂದರೆ ಯಂತ್ರಕ್ಕೆ ಒಂದಾದ ಮೇಲೊಂದು ಆದೇಶ ಕೊಡೋದು. ಐದಾರು ವರ್ಷದ ಮಗುವಿಗೆ ನೀವೇ ರೋಬೋ ಆಗಿ. "ಅಪ್ಪಾ, ಮೂರು ಹೆಜ್ಜೆ ಮುಂದೆ ಹೋಗು, ಬಲಕ್ಕೆ ತಿರುಗು" ಅಂತ ಮಗು ಹೇಳಲಿ. ತಪ್ಪು ಹೇಳಿದರೆ ಸೀದಾ ಹೋಗಿ ಗೋಡೆಗೆ ಡಿಕ್ಕಿ ಹೊಡೀರಿ. ಮಗು ನಗುತ್ತೆ, ಆಮೇಲೆ ಎಲ್ಲಿ ತಪ್ಪಿತು ಅಂತ ಹುಡುಕುತ್ತೆ. ಎಂಜಿನಿಯರುಗಳು ಡೀಬಗ್ಗಿಂಗ್ ಅನ್ನೋದು ಇದನ್ನೇ.

ಸರಾಗವಾಗಿ ಓದೋಕೆ ಬಂದ ಮೇಲೆ, ಎಂಟರ ಸುಮಾರಿಗೆ, ಸ್ಕ್ರ್ಯಾಚ್ ಇದೆ. ಅಮೆರಿಕದ ಎಂಐಟಿಯವರು 2007ರಲ್ಲಿ ಬಿಟ್ಟಿದ್ದು, ಪೂರ್ತಿ ಉಚಿತ. ಬಣ್ಣದ ಬ್ಲಾಕ್ ಜೋಡಿಸಿದರೆ ಪರದೆಯ ಮೇಲೆ ಬೆಕ್ಕು ಓಡುತ್ತೆ, ಸ್ಪೆಲ್ಲಿಂಗ್ ಭಯವಿಲ್ಲ. ಪೈಥಾನ್ ಅವಸರ ಬೇಡ. ಅಲ್ಲಿ ಒಂದು ಕೋಲನ್ ಬಿಟ್ಟುಹೋದರೂ ಪ್ರೋಗ್ರಾಂ ಓಡಲ್ಲ. ಹನ್ನೊಂದು-ಹನ್ನೆರಡರ ಹುಡುಗ ಅದನ್ನು ತಾಳ್ಮೆಯಿಂದ ಹುಡುಕ್ತಾನೆ, ಏಳರ ಕೂಸು ಅಳುತ್ತೆ.

ಈಗಾಗಲೇ ಕ್ಲಾಸಿಗೆ ಸೇರಿಸಿದ್ದೀರಾ? ಸರ್ಟಿಫಿಕೇಟ್ ಪಕ್ಕಕ್ಕಿಡಿ. ಮಗು ಮಾಡಿದ ಗೇಮ್ ತೆಗೆಸಿ, "ಈ ಬೆಕ್ಕನ್ನ ಎರಡು ಪಟ್ಟು ಜೋರಾಗಿ ಓಡಿಸು ನೋಡೋಣ" ಅನ್ನಿ. ಮಗು ತಾನೇ ಬದಲಾಯಿಸಿದರೆ ಸರಿ, ಮೇಷ್ಟ್ರ ಮುಖ ನೋಡಿದರೆ ಆ ಗೇಮ್ ಮೇಷ್ಟ್ರದ್ದು.