ಹಲಗಿಗೆ ಗಿಟಾರ್ ಜೋಡಿ: ಜಾತ್ರೆ ಸ್ಟೇಜ್ ಗೆಲ್ಲೋದು ಅಷ್ಟು ಸುಲಭ ಅಲ್ಲ ಗುರೂ!

ಬಿಯರ್ ಗ್ಲಾಸು ತಂದಿಡೋ ತಗಡಿನ ತಟ್ಟೆ ಗೊತ್ತಲ್ಲ? ಅದನ್ನ ಕೈಯಲ್ಲಿ ಹಿಡಿದು, ತನ್ನ ತಲೆಗೆ ತಾನೇ ಫಟ್ ಫಟ್ ಅಂತ ಬಡಕೊಂಡು ತಾಳ ಹಾಕುವ ಕಲಾವಿದನನ್ನು ಎಲ್ಲಾದರೂ ನೋಡಿದ್ದೀರಾ? ಫೈಟಿಂಗ್ ಸೀನ್ ಅಲ್ಲ ಸ್ವಾಮಿ, ಹಾಡಿನ ಸೀನು! ಆಸಾಮಿಯ ಹೆಸರು ಸ್ಪೈಡರ್ ಸ್ಟೇಸಿ. ಊರು ಲಂಡನ್. ತಂಡದ ಹೆಸರು ‘ಪೋಗ್ಸ್’. ತಲೆ ನೋವಾದಾಗ ಪುಣ್ಯಾತ್ಮ ತಗಡಿನ ಪೀಪಿಯನ್ನೂ ಊದುತ್ತಿದ್ದ.

ಹಿರೇಹಡಗಲಿ ಬಸ್ ಸ್ಟ್ಯಾಂಡಿನಾಗ ನಿಂತು ಈ ಪುಟ ತಿರುವುತ್ತಿರೋ ನಮಗೂ ಲಂಡನ್ನಿನ ತಟ್ಟೆಗೂ ಏನ್ರೀ ಸಂಬಂಧ ಅಂತೀರಾ? ಐತಿ. ಗಿಟಾರ್ ಕಲಿತ ಹುಡುಗರು ಈಗ ನಮ್ಮ ಕಡೆಯೂ ಇದ್ದಾರೆ. ಹಲಗಿ ಬಡಿಯೋರು ಮೊದಲಿಂದಲೂ ಇದ್ದಾರೆ. ಇವೆರಡನ್ನೂ ಜೋಡಿಸಿ ಜಾತ್ರೆಯಲ್ಲಿ ಒಂದು ಕೈ ನೋಡಬೇಕು ಅನ್ನೋ ಆಸೆ ಯಾರಿಗಾದರೂ ಇದ್ದರೆ, ಅವರು ಈ ಪೋಗ್ಸ್ ಕಥೆ ಕೇಳಲೇಬೇಕು.

ಕಿವಿ ಹರಿದ ಹೀರೋ

1976ರ ಸುಮಾರಿಗೆ ಲಂಡನ್ನಿನಲ್ಲಿ ‘ಪಂಕ್’ ಅನ್ನೋ ಗಾಳಿ ಬೀಸಿತು. ಕೈಯಲ್ಲಿ ಕಾಸಿಲ್ಲದ, ತಲೆ ತುಂಬ ಸಿಟ್ಟಿದ್ದ ಹುಡುಗರು ಗಿಟಾರಿನಲ್ಲಿ ಮೂರು ಪಟ್ಟು ಕಲಿತು ನಾಲ್ಕನೆಯದಕ್ಕೆ ಕಾಯದೇ ಸ್ಟೇಜ್ ಹತ್ತಿಬಿಟ್ಟರು. ವಿದ್ವತ್ತು ಬೇಡ, ಹೇಳೋಕೆ ಮಾತಿರಬೇಕು, ಅಷ್ಟೇ. ಆ ಗದ್ದಲದಲ್ಲಿ ಒಬ್ಬ ಹುಡುಗ, ಶೇನ್ ಮೆಕ್‌ಗೋವನ್. ‘ಕ್ಲ್ಯಾಷ್’ ತಂಡದ ಕಛೇರಿಯಲ್ಲಿ ಕಿವಿಯಿಂದ ರಕ್ತ ಸುರಿಸಿಕೊಂಡು ನಿಂತಿದ್ದ ಅವನ ಫೋಟೋ ಪತ್ರಿಕೆಯಲ್ಲಿ ಅಚ್ಚಾಯಿತು. ಹಾಡುಗಾರನಾಗುವ ಮೊದಲೇ ಪಬ್ಲಿಸಿಟಿ ನೋಡಿ!

ಶೇನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ತಂದೆತಾಯಿ ಐರ್ಲೆಂಡಿನವರು. ಬಾಲ್ಯದಲ್ಲಿ ತಾಯಿಯ ತವರು ಟಿಪ್ಪರೇರಿಯಲ್ಲಿ ಹಾಡು ಕೇಳುತ್ತಾ ಬೆಳೆದವನು. ಬೆಂಗಳೂರಿಗೆ ದುಡಿಯೋಕೆ ಹೋದವರ ಮಗ ಅಜ್ಜಿ ಊರಿನ ಹಾಡು ಮರೆಯದೇ ಇಟ್ಟುಕೊಂಡ ಹಾಗೆ ಅಂದುಕೊಳ್ಳಿ. ಅವನೂ ಗೆಳೆಯರೂ ಸೇರಿ ಬ್ಯಾಂಜೋ, ಅಕಾರ್ಡಿಯನ್, ಪೀಪಿ, ಡ್ರಮ್ಮು ಒಟ್ಟುಗೂಡಿಸಿ, ಅಜ್ಜಿಯ ಹಾಡಿಗೆ ಪಂಕಿನ ವೇಗ ಕೊಟ್ಟರು. ಮೊದಲ ಪ್ರದರ್ಶನ 1982ರ ಅಕ್ಟೋಬರ್ 4ರಂದು, ಕಿಂಗ್ಸ್ ಕ್ರಾಸ್ ಹತ್ತಿರದ ‘ಪಿಂಡರ್ ಆಫ್ ವೇಕ್‌ಫೀಲ್ಡ್’ ಎಂಬ ಹೆಂಡದಂಗಡಿಯಲ್ಲಿ. ಆಗ ತಂಡದ ಹೆಸರು ‘ಪೋಗ್ ಮಹೋನ್’. ಐರಿಷ್ ಭಾಷೆಯಲ್ಲಿ ಅದರ ಅರ್ಥ ‘ನನ್ನ ಹಿಂಭಾಗಕ್ಕೊಂದು ಮುತ್ತು ಕೊಡು’! ಅರ್ಥ ಗೊತ್ತಾದ ಮೇಲೆ ರೇಡಿಯೋದವರು ಬೆಚ್ಚಿದರು, ಹೆಸರು ಮೊಟಕಾಯಿತು.

ಸಂಪ್ರದಾಯದವರಲ್ಲಿ ಹಲವರು ಮೂಗು ಮುರಿದರು. ‘ನಮ್ಮ ಹಿರೇರ ಸಂಗೀತ ಕೆಡಿಸಿದರು’ ಅನ್ನೋ ಮಾತು ಅಲ್ಲೂ ಇತ್ತು. ಆದರೆ 1987ರಲ್ಲಿ ಏನಾಯಿತು ಗೊತ್ತೇ? ಐರಿಷ್ ಜಾನಪದದ ಹಿರಿಯ ತಂಡ ‘ಡಬ್ಲಿನರ್ಸ್’ ಇವರ ಪಕ್ಕಕ್ಕೇ ಬಂದು ನಿಂತು ಒಂದೇ ಮೈಕಿಗೆ ಹಾಡಿತು. ಅದೇ ವರ್ಷ ಪೋಗ್ಸ್ ಮಂದಿ ‘ಸ್ಟ್ರೇಟ್ ಟು ಹೆಲ್’ ಎಂಬ ಸಿನಿಮಾದಲ್ಲಿ ಬಂದೂಕು ಹಿಡಿದೂ ಬಂದರು. ಶೂಟಿಂಗ್ ಸ್ಪೇನಿನ ಅಲ್ಮೆರಿಯಾದಲ್ಲಿ, ನಮ್ಮ ಕೌಬಾಯ್ ಚಿತ್ರಗಳ ಅಭಿಮಾನಿಗಳಿಗೆ ಗೊತ್ತಿರುವ ಅದೇ ಒಣಭೂಮಿ. ಸಿನಿಮಾ ಅಷ್ಟಕ್ಕಷ್ಟೇ, ಅದು ಬೇರೆ ಮಾತು. 2023ರ ನವೆಂಬರ್ 30ರಂದು ಶೇನ್ ತೀರಿಕೊಂಡ. ಟಿಪ್ಪರೇರಿಯ ಚರ್ಚಿನಲ್ಲಿ ಹಾಲಿವುಡ್ಡಿನ ಜಾನಿ ಡೆಪ್ ಬಂದು ಪ್ರಾರ್ಥನೆ ಓದಿದರು. ಅವನ ಹಾಡು ನುಡಿಸಿದಾಗ ಜನ ಚರ್ಚಿನೊಳಗೇ ಎದ್ದು ಕುಣಿದರು. ಸತ್ತವನ ಮುಂದೆ ಕುಣಿಯೋದು ನಮಗೇನು ಹೊಸದಲ್ಲ. ಹಲಗಿ ಇಲ್ಲದೆ ನಮ್ಮಲ್ಲಿ ಹೆಣ ಎತ್ತುತ್ತಾರಾ?

ಮೈಸೂರಿನ ಅಣ್ಣ ತಮ್ಮ

ಕನ್ನಡದಲ್ಲಿ ಇಂಥದ್ದು ಆಗಿಲ್ಲವೇ ಅಂದರೆ, ಹತ್ತಿರ ಹತ್ತಿರ ಆಗಿದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳಿಗೆ ಗಿಟಾರ್ ಕಟ್ಟಿದರು. 2008ರಲ್ಲಿ ಮೊದಲ ಆಲ್ಬಂ ಬಂತು. ಅದೇ ವರ್ಷ ‘ಸೈಕೋ’ ಚಿತ್ರದ ಮಾದೇಶ್ವರನ ಹಾಡು ಊರೂರಿನ ಆಟೋಗಳಲ್ಲಿ ಮೊಳಗಿತು. ಚಿತ್ರ ನೋಡದವರ ಬಾಯಲ್ಲೂ ಆ ಹಾಡು! ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ತಂಡದ ಗಾಯಕ. ಈ ತಂಡ 2006ರಲ್ಲಿ ರೇಡಿಯೋ ಸಿಟಿಯ ಸ್ಪರ್ಧೆ ಗೆದ್ದಿತು. ವಾಸು ಕೀಲುಕುದುರೆ ಕಟ್ಟಿಕೊಂಡು ಸ್ಟೇಜಿನ ಮೇಲೆ ಹಾರುವುದನ್ನು ನೋಡಬೇಕು. ಜಾತ್ರೆ ಮೆರವಣಿಗೆಯಿಂದಲೇ ತಪ್ಪಿಸಿಕೊಂಡು ಬಂದವರ ಹಾಗೆ!

ನನ್ನ ಲೆಕ್ಕದಲ್ಲಿ ರಘು ಅವರದು ಪಂಕ್ ಅಲ್ಲ. ಇಸ್ತ್ರಿ ಮಾಡಿದ ಅಂಗಿಯ ಹಾಗೆ ನೀಟಾದ ಸಂಗೀತ ಅದು, ಕೇಳೋಕೆ ಸೊಗಸು. ಸ್ವರಾತ್ಮದಲ್ಲಿ ತುಸು ಖಾರ ಜಾಸ್ತಿ. ಕುಡಿಯುವ ನೀರಿನ ಸಂಕಟ, ಟೋಪಿ ಹಾಕುವ ರಾಜಕಾರಣ, ಇವನ್ನು ಹಾಡಿನಲ್ಲಿ ತಂದವರು ಅವರು. 2012ರ ಅವರ ಆಲ್ಬಮ್ಮಿನ ಹೆಸರೇ ‘ಟೋಪಿವಾಲೆ’. ಆದರೂ ಇವೆಲ್ಲ ಹೆಚ್ಚಾಗಿ ಪಟ್ಟಣದ ಟಿಕೆಟ್ಟಿನ ಕಛೇರಿಗಳು. ಅಲ್ಲಿ ಬಂದವರು ಬ್ಯಾಂಡ್ ನೋಡಲೆಂದೇ ಬಂದವರು. ಜಾತ್ರೆ ಹಾಗಲ್ಲ.

ಸದ್ದಲೇ!

ನಮ್ಮ ತಾಲೂಕಿನ ಮೈಲಾರಕ್ಕೆ ಹೋದವರಿಗೆ ಹೇಳಬೇಕಿಲ್ಲ. ಭರತ ಹುಣ್ಣಿಮೆಯ ಜಾತ್ರೆ, ಲಕ್ಷಗಟ್ಟಲೆ ಜನ, ಕಂಬಳಿ ಹೊದ್ದ ಗೊರವರು, ಡಮರುಗದ ಸದ್ದು, ಧೂಳು. ಉಪವಾಸವಿದ್ದ ಗೊರವಯ್ಯ ಬಿಲ್ಲು ಹತ್ತುತ್ತಾನೆ. ‘ಸದ್ದಲೇ!’ ಅನ್ನುತ್ತಾನೆ. ಅಷ್ಟು ಜನವೂ ಗಪ್‌ಚಿಪ್! ಒಂದೇ ಒಂದು ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ಎಮ್ಮೆಲ್ಲೆ ಸೀಟು ಹುಡುಕುತ್ತಾನೆ. ಇಂಥ ಎಂಟ್ರಿ, ಇಂಥ ಡೈಲಾಗ್ ಡೆಲಿವರಿ ಯಾವ ಸೂಪರ್‌ಸ್ಟಾರಿಗೆ ಸಾಧ್ಯ ಹೇಳಿ?

ಇದನ್ನು ಕಂಡ ಜನರ ಮುಂದೆ ಗಿಟಾರ್ ಹಿಡಿದು ನಿಲ್ಲಬೇಕು. ಡೊಳ್ಳು, ಸಮಾಳ, ನಂದಿಕೋಲು, ಹಲಗಿ ಕೇಳಿ ಪಳಗಿದ ಕಿವಿಗಳು ಅವು. ತಾಳ ಅರ್ಧ ಮಾತ್ರೆ ತಪ್ಪಿದರೂ ಕಟ್ಟೆ ಮೇಲಿನ ಅಜ್ಜ ‘ಇಳೀರಲೇ ಕೆಳಗ’ ಅಂತಾನೆ. ಒಂದು ಕಡೆ ಕಂಪನಿ ನಾಟಕ, ಇನ್ನೊಂದು ಕಡೆ ಜೂನಿಯರ್ ರಾಜ್, ಜೂನಿಯರ್ ವಿಷ್ಣು ಬರುವ ಆರ್ಕೆಸ್ಟ್ರಾ. (ಆರ್ಕೆಸ್ಟ್ರಾ ಬಗ್ಗೆ ನನಗೇನು ಸಿಟ್ಟಿಲ್ಲ, ಅಣ್ಣಾವ್ರ ಹಾಡಿಗೆ ಶಿಳ್ಳೆ ಹೊಡೆದವನೇ ನಾನು. ಆದರೆ ಅಲ್ಲಿ ನಮ್ಮೂರಿನ ಒಂದು ಮಾತೂ ಇರೋದಿಲ್ಲ.)

ಮೊದಲ ಸಲಕ್ಕೆ ನಾಲ್ಕು ಹಾಡು ಸಾಕು. ಇಪ್ಪತ್ತು ನಿಮಿಷ. ಹಲಗಿಯ ಚರ್ಮ ರಾತ್ರಿ ಇಬ್ಬನಿಗೆ ಸಡಿಲಾಗುತ್ತೆ, ಬೆಂಕಿಗೆ ಹಿಡಿದು ಕಾಯಿಸಲೇಬೇಕು. ಸ್ಟೇಜಿನ ಹಿಂದೆ ಒಂದಿಷ್ಟು ಹುಲ್ಲು, ಕಡ್ಡಿಪೆಟ್ಟಿಗೆ ಇರಲಿ, ಶಾಮಿಯಾನದಿಂದ ದೂರ! ಹಾರ್ಮೋನಿಯಂ ಇದ್ದರೆ ಗಿಟಾರೇ ಅದಕ್ಕೆ ಶ್ರುತಿ ಸೇರಬೇಕು. ಹಾರ್ಮೋನಿಯಂ ಗಿಟಾರಿಗೆ ಬಗ್ಗೋದಿಲ್ಲ. ಇನ್ನು ಮೈಕು. ಹಲಗಿಯವನನ್ನು ಹಾಡುಗಾರನ ಪಕ್ಕ ನಿಲ್ಲಿಸಿದರೆ ಒಂದೇ ಒಂದು ಅಕ್ಷರ ಕೇಳೋದಿಲ್ಲ, ನಾಲ್ಕು ಹೆಜ್ಜೆ ಹಿಂದೆ ನಿಲ್ಲಲಿ. ಹಿಂದೆ ಅಂದೆ, ಕೆಳಗೆ ಅನ್ನಲಿಲ್ಲ.

ಯಾಕಂದರೆ ಇಲ್ಲೇ ಇರೋದು ನಿಜವಾದ ಫೈಟು. ಊರ ದೇವರ ಮುಂದೆ, ಹೆಣದ ಮುಂದೆ ಬಡಿಯೋಕೆ ಹಲಗಿಯವನು ಬೇಕು. ಸ್ಟೇಜಿನ ಮೇಲೆ ಕರೆಯೋವಾಗ ಮಾತ್ರ ಜಾತಿ ನೆನಪಾಗುತ್ತೆ. ನಮ್ಮ ಸಿನಿಮಾ ಏನು ಕಡಿಮೆ? 1996ರ ‘ಜನುಮದ ಜೋಡಿ’ಯ ಕೋಲುಮಂಡೆ ಹಾಡಿಗೆ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಯೋಗ್ಯ ಗಾಯಕ, ಯೋಗ್ಯ ಪ್ರಶಸ್ತಿ. ಆದರೆ ಮಾದಪ್ಪನ ಆ ಕಥೆಯನ್ನು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡಿ, ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿಸಿದ ದೇವರಗುಡ್ಡರ ಹೆಸರು ಯಾರಿಗೆ ಗೊತ್ತು? ಎಷ್ಟೋ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ‘ಸಾಹಿತ್ಯ: ಜಾನಪದ’ ಅಂತ ಎರಡೇ ಪದ. ಜಾನಪದ ಅನ್ನೋ ವ್ಯಕ್ತಿ ಯಾರು, ಅವನ ಮನೆ ಎಲ್ಲಿ, ಪೇಮೆಂಟು ಯಾರ ಕೈಗೆ ಹೋಯಿತು ಅಂತ ಕೇಳಿದವರು ಕಡಿಮೆ. ಪೋಗ್ಸ್‌ನವರ ಮೊದಲ ಆಲ್ಬಂ ಬಂದಿದ್ದು 1984ರಲ್ಲಿ. ಅದರಲ್ಲಿ ಹಳೆಯ ಹಾಡುಗಳ ಪಕ್ಕದಲ್ಲೇ ಶೇನ್ ಸ್ವಂತ ಬರೆದ ಹಾಡುಗಳಿದ್ದವು. ಹಳೇದು ಹಾಡಿದ್ದರ ಜೊತೆಗೆ ತಮ್ಮ ಕಾಲದ ಮಾತನ್ನೂ ಸೇರಿಸಿದ್ದರು. ನಮ್ಮ ಹುಡುಗರಿಗೇನು ಮಾತಿಗೆ ಬರವೇ? ಮಲ್ಲಿಗೆ ಬೆಲೆ ಬಿದ್ದದ್ದು, ಬಸ್ ಬಾರದ ಸಂಜೆ, ಬೆಂಗಳೂರಿಗೆ ಗುಳೆ ಹೋದ ಗೆಳೆಯ, ಒಂದೊಂದೂ ಒಂದೊಂದು ಹಾಡು.

ಹಾಡು ಯಾರಿಂದ ಕಲಿತಿರೋ ಆ ಅಜ್ಜನನ್ನೋ ಅವ್ವನನ್ನೋ ಸ್ಟೇಜಿಗೆ ಕರೀರಿ. ಹೆಸರು ಮೈಕಿನಲ್ಲಿ ಹೇಳ್ರಿ. ಕಮಿಟಿಯವರು ಕೊಟ್ಟಿದ್ದರಲ್ಲಿ ಸಮಪಾಲು ಅವರ ಕೈಗೆ ಅಲ್ಲೇ ಕೊಡ್ರಿ, ಶಾಲು ಹೊದಿಸಿ ಸಾಗಹಾಕಬೇಡ್ರಿ. ಹಲಗಿಯವನ ಫೋಟೋ ಬ್ಯಾನರಿನಲ್ಲಿ ಗಿಟಾರಿನವನ ಫೋಟೋದಷ್ಟೇ ದೊಡ್ಡದಿರಲಿ. ಇದನ್ನ ಮಾತ್ರ ಫ್ಲೆಕ್ಸ್ ಅಂಗಡಿಯವನಿಗೆ ಮೊದಲೇ ಹೇಳಿಬಿಡಿ. ಇಲ್ಲಾಂದ್ರೆ ಲೀಡರುಗಳ ಮುಖ ಕೂರಿಸಿ ಮುಗಿಸಿದ ಮೇಲೆ, ‘ಜಾಗ ಇಲ್ರೀ’ ಅಂತಾನೆ.