ಶಬ್ದ ಬಲ್ಲವರೆಲ್ಲ ನುಡಿ ಬಲ್ಲರೇ?

ಪರಭಾಷೆಯ ಶಬ್ದಗಳನ್ನು ಬಲ್ಲವನೆಲ್ಲ ಆ ಭಾಷೆಯನ್ನು ಬಲ್ಲವನಲ್ಲ. ಈ ಮಾತಿನ ಸತ್ಯವು ಪಂಡಿತರ ಸಭೆಗಿಂತ ಕಾರಖಾನೆಯ ಬಾಗಿಲಲ್ಲಿಯೂ ಕಚೇರಿಯ ಮೇಜಿನ ಮುಂದೆಯೂ ಹೆಚ್ಚು ಕಾಣುತ್ತದೆ. ಕಾಳಿನದಿಯ ಸೀಮೆಯ ತರುಣನ ಸ್ಥಿತಿಯನ್ನು ವಾಚಕರು ನೋಡಲಿ. ಹಳಿಯಾಳದ ಅನೇಕ ಮನೆಗಳಲ್ಲಿ ಆಡುವದು ಮರಾಠಿ. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ. ಮುಂಡಗೋಡದ ಬಳಿ 1966ರಿಂದ ನೆಲೆಸಿರುವ ಟಿಬೆಟಿಯರಿಗಂತೂ ಕನ್ನಡವೇ ಕಲಿತು ಪಡೆದ ಭಾಷೆ. ಇವರೆಲ್ಲರೂ ನೌಕರಿಗೆ ನಿಂತ ದಿನ ಇಂಗ್ಲಿಷನ್ನು ಎದುರಿಸಬೇಕು. ಎರಡನೆಯ ಅಥವಾ ಮೂರನೆಯ ಭಾಷೆಯಲ್ಲಿ ಅನ್ನ ಸಂಪಾದಿಸಬೇಕಾದವನಿಗೆ ವ್ಯಾಕರಣವೊಂದೇ ಸಾಲದು. ನುಡಿಗಟ್ಟಿನ ಮರ್ಮವೂ ತಿಳಿಯಬೇಕು.

‘ಬಾಲ್ ಈಸ್ ಇನ್ ಯುವರ್ ಕೋರ್ಟ್’ ಎಂದು ಸಾಹೇಬರು ಹೇಳಿದರೆ, ಹೊಸ ಗುಮಾಸ್ತನು ಯಾವ ನ್ಯಾಯಾಲಯದಲ್ಲಿ ಯಾವ ಖಟ್ಲೆಯೆಂದು ಗಾಬರಿಯಾಗುವದು ಸಹಜ. ಅದು ಟೆನಿಸ್ ಅಂಗಳ. ಮುಂದಿನ ಕೆಲಸ ನಿನ್ನದೆಂದು ಅರ್ಥ. ‘ಕಾಲ್ ಇಟ್ ಎ ಡೇ’ ಎಂದರೆ ಇಂದಿನ ಕೆಲಸ ಇಲ್ಲಿಗೆ ಸಾಕು. ‘ಟಚ್ ಬೇಸ್’ ಎಂಬದು ನಮ್ಮವರು ಆಡದ ಅಮೇರಿಕೆಯ ಬೇಸ್‌ಬಾಲ್ ಆಟದಿಂದ ಬಂದದ್ದು. ಒಮ್ಮೆ ಮಾತಾಡಿಕೊಳ್ಳೋಣ ಎಂದಿಷ್ಟೇ ಅದರ ತಾತ್ಪರ್ಯ. ಪ್ರತಿಯೊಂದು ಜನಾಂಗವೂ ತನ್ನ ಆಟ, ಹೊಲ, ಹಡಗುಗಳಿಂದ ನುಡಿಗಟ್ಟು ಕಟ್ಟಿಕೊಳ್ಳುತ್ತದೆ. ನಮ್ಮದೂ ಹಾಗೆಯೇ. ‘ಅವನು ಕೈ ಕೊಟ್ಟನು’ ಎಂಬದನ್ನು ಕೇಳಿ ಸಹಾಯ ದೊರೆಯಿತೆಂದು ಹಿಗ್ಗುವ ಪರಕೀಯನನ್ನೂ, ‘ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ’ ಎಂದರೆ ಬೆರಗಾಗುವವನನ್ನೂ ನಾವು ನಗಲಾರೆವು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತನ್ನ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಿಟೆಲ್ಲನು ಶಬ್ದಾರ್ಥದೊಡನೆ ಗಾದೆಗಳನ್ನೂ ಸೇರಿಸಿದ್ದು ಈ ಮರ್ಮವನ್ನು ಅರಿತೇ.

ಉದ್ಯೋಗದ ನುಡಿ ಇನ್ನೂ ಗಹನವಾದುದು. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸಿನಿಂದ ದಾಂಡೇಲಿಯು ಕಾಗದದ ಊರಾಯಿತು. ಕಾಗದದ ಉದ್ಯೋಗದಲ್ಲಿ ‘ಬ್ರೇಕ್’ ಎಂದರೆ ವಿಶ್ರಾಂತಿಯಲ್ಲ. ಯಂತ್ರದ ಮೇಲೆ ಓಡುವ ಕಾಗದದ ಹಾಳೆ ಹರಿಯುವದು, ಅಂದರೆ ಎಲ್ಲರೂ ಧಾವಿಸಬೇಕಾದ ಗಳಿಗೆ. ‘ಬ್ರೋಕ್’ ಎಂದರೆ ದಿವಾಳಿಯೆದ್ದವನಲ್ಲ. ಮರಳಿ ತಿರುಳು ಮಾಡಬೇಕಾದ ಕೆಟ್ಟ ಕಾಗದ. ‘ಫೆಲ್ಟ್’ ಎಂಬುದು ಭೂತಕಾಲದ ಕ್ರಿಯಾಪದವಲ್ಲ. ಒದ್ದೆ ಹಾಳೆಯನ್ನು ಹೊತ್ತು ಸಾಗಿಸುವ ದಪ್ಪ ಬಟ್ಟೆ. ಶಾಲೆಯ ನಿಘಂಟನ್ನು ನಂಬಿ ಹೋದವನು ಮೊದಲ ಪಾಳಿಯಲ್ಲಿಯೇ ದಾರಿ ತಪ್ಪುವನು.

ಆದರೆ ಇದು ಅಸಾಧ್ಯವಾದ ವಿದ್ಯೆಯಲ್ಲವೆಂಬದಕ್ಕೆ ಪಕ್ಕದ ಅರಣ್ಯವೇ ಸಾಕ್ಷಿ. ಅಕ್ಷರ ಬಾರದ ಕೂಲಿಕಾರನಿಗೂ ‘ಕೂಪು’ ಎಂದರೆ ಮರ ಕಡಿಯಲು ಗೊತ್ತುಪಡಿಸಿದ ಕಾಡಿನ ಭಾಗವೆಂದು ತಿಳಿದಿದೆ. ಅದು ಫ್ರೆಂಚ್ ಮೂಲದ ಶಬ್ದವೆಂಬ ಅರಿವು ಅವನಿಗೆ ಬೇಕಾಗಿಲ್ಲ. ‘ಬೀಟು’ ಎಂದರೆ ಹೊಡೆತವಲ್ಲ, ಗಾರ್ಡನು ತಿರುಗುವ ಸರಹದ್ದೆಂಬದನ್ನೂ ಅವನು ಬಲ್ಲನು. ಕೆಲಸದೊಡನೆ ಬಂದ ನುಡಿ ಕೆಲಸದಂತೆಯೇ ಕೈಗೆ ಹತ್ತುತ್ತದೆ.

ಅಧಿಕಾರಿಗಳ ಕಡತಗಳಲ್ಲಿಯೂ ಇಂಥ ಒಗಟುಗಳಿವೆ. ಟಿಪ್ಪಣಿಯ ಅಂಚಿನಲ್ಲಿ ‘ಪ್ಲೀಸ್ ಸ್ಪೀಕ್’ ಎಂದು ಬರೆದಿದ್ದರೆ ಭಾಷಣ ಮಾಡೆಂದಲ್ಲ, ಖುದ್ದಾಗಿ ಬಂದು ಚರ್ಚಿಸೆಂದು ಅರ್ಥ. ಇಂಗ್ಲಿಷರು ‘ಟೇಬಲ್’ ಮಾಡುವದೆಂದರೆ ವಿಷಯವನ್ನು ಚರ್ಚೆಗೆ ತರುವದು. ಅಮೇರಿಕೆಯವರಿಗೆ ಅದನ್ನು ಬದಿಗಿಡುವದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಒಂದು ಶಬ್ದಕ್ಕಾಗಿ ಎರಡೂ ದೇಶಗಳ ಸೇನಾಧಿಕಾರಿಗಳು ದೀರ್ಘವಾಗಿ ವಾದಿಸಿದರೆಂದು ಚರ್ಚಿಲ್ಲರೇ ಬರೆದಿದ್ದಾರೆ. ಆ ಭಾಷೆಯಲ್ಲಿಯೇ ಹುಟ್ಟಿದವರು ಎಡವಿದಲ್ಲಿ ನಮ್ಮ ಹುಡುಗನು ಎಡವಿದರೆ ನಾಚಿಕೆಯೇತಕ್ಕೆ?

ಅನರ್ಥದ ಮೂಲವು ಅಜ್ಞಾನವಲ್ಲ, ಈ ನಾಚಿಕೆಯೇ. ತಿಳಿಯದಿದ್ದರೂ ‘ಎಸ್ ಸರ್’ ಎಂದು ತಲೆಯಾಡಿಸುವ ರೂಢಿಯು ಕಚೇರಿಯಲ್ಲಿ ಬಡತಿಯನ್ನು ಕಳೆದೀತು. ಯಂತ್ರದ ಬಳಿ ಪ್ರಾಣವನ್ನೇ ಕಳೆದೀತು. ‘ಸ್ಟ್ಯಾಂಡ್ ಕ್ಲಿಯರ್’ ಎಂದು ಕೂಗಿದಾಗ ‘ಸ್ಟ್ಯಾಂಡ್’ ಎಂದರೆ ನಿಲ್ಲು ಎಂದಷ್ಟೇ ಕಲಿತವನು ನಿಂತಲ್ಲಿಯೇ ನಿಲ್ಲುವನು. ಕೂಗಿದವನು ಹೇಳಿದ್ದು ದೂರ ಸರಿ ಎಂದು. ‘ಲುಕ್ ಔಟ್’ ಎಂದರೆ ಎಚ್ಚರಿಕೆ. ಶಬ್ದಾರ್ಥ ಹಿಡಿದವನು ತಲೆಯನ್ನು ಹೊರಗೆ ಚಾಚುವನು.

ಆದುದರಿಂದ ಮೂರು ಮಾತುಗಳನ್ನು ಸೂಚಿಸುತ್ತೇವೆ. ಶಾಲೆ-ಕಾಲೇಜುಗಳು, ಹಳಿಯಾಳದ ಇಂಜಿನಿಯರಿಂಗ್ ಕಾಲೇಜೂ ಸೇರಿ, ಇಂಗ್ಲಿಷ್ ನುಡಿಗಟ್ಟನ್ನು ಅದಕ್ಕೊಪ್ಪುವ ಕನ್ನಡ ನುಡಿಗಟ್ಟಿನೊಡನೆಯೂ ಬಳಸುವ ಸಂದರ್ಭದೊಡನೆಯೂ ಕಲಿಸಲಿ. ಮೇಲಧಿಕಾರಿಗಳು ಅಪಾಯದ ಸೂಚನೆಗಳನ್ನು ಕೆಲಸಗಾರನಿಗೆ ತಿಳಿಯುವ ಮಾತಿನಲ್ಲಿಯೇ ಕೊಡಲಿ. ಜನರ ಜೀವವು ಸಾಹೇಬರ ವಾಕ್ಚಾತುರ್ಯಕ್ಕಿಂತ ದೊಡ್ಡದು. ತರುಣರು ‘ಹಾಗೆಂದರೇನು?’ ಎಂದು ನಿಸ್ಸಂಕೋಚವಾಗಿ ಕೇಳಿ, ದಿನಕ್ಕೊಂದು ನುಡಿಯನ್ನು ವಹಿಯಲ್ಲಿ ಬರೆದಿಟ್ಟುಕೊಳ್ಳಲಿ. ಕೇಳಿ ತಿಳಿದವನು ಒಂದು ಗಳಿಗೆ ಚಿಕ್ಕವನಾದಾನು. ಕೇಳದೆ ತಲೆಯಾಡಿಸಿದವನು ಕೊನೆಯವರೆಗೂ ಪರರ ಮಾತಿಗೆ ಅಂಜುತ್ತಲೇ ಇರುವನು.