ಬೆಟ್ಟದ ರಣಹದ್ದು, ಹೊಳೆಯ ರೀವ

ಮದ್ದೂರು, ಮಂಡ್ಯ ಹಾದು ಮೈಸೂರಿಗೆ ಹೋಗುವ ದಾರಿಯಲ್ಲಿ, ಒಂದಕ್ಕೊಂದು ಯಾವ ಹೋಲಿಕೆಯೂ ಇಲ್ಲದ ಎರಡು ಹಕ್ಕಿಗಳುಂಟು. ಮದ್ದೂರಿಗೆ ಮೊದಲು ಸಿಗುವ ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದು. ಮಂಡ್ಯ ದಾಟಿದ ಮೇಲೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ರೀವ.

ರಣಹದ್ದು ರೆಕ್ಕೆ ಬಿಚ್ಚಿದರೆ ಏಳು ಅಡಿಗೂ ಹೆಚ್ಚು. ರೀವ ಕೊಕ್ಕಿನಿಂದ ಬಾಲದವರೆಗೆ ಸುಮಾರು 40 ಸೆಂಟಿಮೀಟರ್ ಮಾತ್ರ. ಕಡಲಹಕ್ಕಿಗಳ ಬಳಗದ್ದಾದರೂ ಹೊಳೆಯನ್ನೇ ನೆಚ್ಚಿದೆ. ಹಳದಿ ಕೊಕ್ಕು, ಕವಲು ಬಾಲ, ಬೇಸಿಗೆಯಲ್ಲಿ ಕಪ್ಪು ಟೋಪಿ. ವಿಚಿತ್ರವೆಂದರೆ, ಹದ್ದಿನ ಕುಲದ ದೊಡ್ಡ ಹಕ್ಕಿ ಬೇಟೆಯಾಡುವುದಿಲ್ಲ, ಸತ್ತದ್ದನ್ನು ತಿನ್ನುತ್ತದೆ. ನೀರಿಗೆ ಧುಮುಕಿ ಮೀನು ಹಿಡಿಯುವ ಬೇಟೆಗಾರ ಚಿಕ್ಕದೇ.

ಹಳ್ಳಿಕಾರ್ ಎತ್ತು, ಬಂಡೂರು ಕುರಿಗಳ ಮಂಡ್ಯ, ಮಳವಳ್ಳಿ ಸೀಮೆಯಲ್ಲಿ ರಣಹದ್ದಿಗೆ ಆಹಾರದ ಕೊರತೆ ಇರಲಿಲ್ಲ. ಆದರೂ 1990ರ ದಶಕದಲ್ಲಿ ದೇಶದಾದ್ಯಂತ ಅವು ಸಾಯತೊಡಗಿದವು. ಮೂರು ಜಾತಿಗಳು ನೂರಕ್ಕೆ 95ಕ್ಕೂ ಹೆಚ್ಚು ಅಳಿದವು. ಕಾರಣ ತಿಳಿದದ್ದು 2004ರಲ್ಲಿ: ನೋವು, ಬಾವಿಗೆಂದು ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್. ಆ ಮದ್ದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದರೆ ಹದ್ದಿನ ಮೂತ್ರಪಿಂಡ ಕೆಡುತ್ತದೆ. 2006ರಲ್ಲಿ ದನಗಳಿಗೆ ಅದರ ಬಳಕೆ ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ನಿಷೇಧವಾದವು. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಧಾಮವಾಯಿತು. ಆದರೆ ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಯ ಸಂತತಿ ಅಷ್ಟು ಬೇಗ ತುಂಬಿ ಬಾರದು.

ರೀವ ಎರಡು ಮೂರು ಮೊಟ್ಟೆಯಿಡುತ್ತದೆ. ಆದರೆ ಗೂಡೆಂಬುದೇ ಇಲ್ಲ. ಬೇಸಿಗೆಯಲ್ಲಿ ತೆರೆದುಕೊಳ್ಳುವ ಬಂಡೆ, ಮರಳುದಿಬ್ಬಗಳ ಮೇಲಿನ ಸಣ್ಣ ತಗ್ಗೇ ಸಾಕು. ಕಾಫಿ, ಅಡಕೆ ನಾಡಿನ ಭದ್ರಾ ಜಲಾಶಯದಲ್ಲೂ ನೀರಿಳಿದಾಗ ಏಳುವ ನಡುಗಡ್ಡೆಗಳಲ್ಲಿ ಇವು ಹಿಂಡುಹಿಂಡಾಗಿ ಮರಿಮಾಡುತ್ತವೆ. ಅಕಾಲದಲ್ಲಿ ನೀರೇರಿದರೆ ಮೊಟ್ಟೆ, ಮರಿಗಳೆಲ್ಲ ಹೊಳೆಯ ಪಾಲು. ಮರಳು ತೆಗೆದರೆ ಜಾಗವೇ ಇಲ್ಲ. 2020ರಲ್ಲಿ ಈ ಹಕ್ಕಿಯನ್ನೂ ಜಗತ್ತಿನ ಅಪಾಯದ ಪಟ್ಟಿಗೆ ಸೇರಿಸಲಾಯಿತು.

ಹೀಗೆ, ದೊಡ್ಡದರ ಉಳಿವು ನಮ್ಮ ಕೊಟ್ಟಿಗೆಯಲ್ಲಿ, ಚಿಕ್ಕದರ ಉಳಿವು ಅಣೆಕಟ್ಟಿನ ತೂಬಿನಲ್ಲಿ. ಎರಡಕ್ಕೂ ಒಂದು ನಂಟೂ ಉಂಟು. ರಣಹದ್ದಿಲ್ಲದ ಊರಿನಲ್ಲಿ ಸತ್ತ ದನ ಬೀದಿನಾಯಿಗಳ ಪಾಲಾಗುತ್ತದೆ. ನಾಯಿಗಳು ಹೆಚ್ಚಿದರೆ ಹುಚ್ಚುನಾಯಿಯ ಭಯ ನಮಗೆ. ನೀರಿಳಿದ ಹೊಳೆ ದಾಟಿ ಬರುವ ಅದೇ ನಾಯಿ ರೀವದ ಮೊಟ್ಟೆಗೂ ಬಾಯಿ ಹಾಕುತ್ತದೆ.

ಗೊಬ್ಬರಕ್ಕೆ, ಹಾಲಿಗೆ ದನ ಕಟ್ಟಿರುವ ಬೆಳೆಗಾರ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ದನಕ್ಕೆ ನೋವಿನ ಮದ್ದು ಬೇಕಾದಾಗ ಪಶುವೈದ್ಯರನ್ನೇ ಕೇಳಿ. ರಣಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ಇದೆ. ಮನುಷ್ಯರ ಡೈಕ್ಲೋಫೆನಾಕ್ ದನಕ್ಕೆ ಬೇಡ. ಮದ್ದು ಚುಚ್ಚಿದ ದನ ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿ. ಮಾರ್ಚಿಯಿಂದ ಮೇವರೆಗೆ ಹೊಳೆಯ ದಿಬ್ಬಗಳಿಗೆ ನಾಯಿ ಬಿಡಬೇಡಿ. ಇದಕ್ಕೆ ಕಾಸು ಖರ್ಚಿಲ್ಲ, ಎಚ್ಚರ ಸಾಕು.